ಸೋರುವ ಜಾಗ ಒಳಗಿದ್ದವರಿಗೇ ಗೊತ್ತು

ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. 2025ರ ಮೇ 29ರಂದು ಗೋವಾ ತಲುಪಿದಾಗ ನನ್ನ ಗೆಳತಿಯರ ಸ್ಟೇಟಸ್‌ಗಳಲ್ಲೆಲ್ಲ ಅವರದೇ ಫೋಟೊ. ಇಬ್ಬರೇ ಹೆಣ್ಣುಮಕ್ಕಳು, ‘ತಾರಿಣಿ’ ಎಂಬ ಒಂದು ಹಾಯಿದೋಣಿ, ಸುಮಾರು ಎಂಟು ತಿಂಗಳು, 25,000ಕ್ಕೂ ಹೆಚ್ಚು ನಾಟಿಕಲ್ ಮೈಲಿ. ಚಪ್ಪಾಳೆ ಹೊಡೆಯಲೇಬೇಕಾದ ಸಾಧನೆ. ಆದರೆ ಗಮನಿಸಿ, ಇಂಥ ಪ್ರಯಾಣಗಳಲ್ಲಿ ನಮಗೆ ಎರಡೇ ದಿನದ ಫೋಟೊ ಸಿಗುತ್ತದೆ: ಹೊರಟ ದಿನದ್ದು, ಮರಳಿದ ದಿನದ್ದು. ತಾರಿಣಿ ಹೊರಟದ್ದು 2024ರ ಅಕ್ಟೋಬರ್ 2ರಂದು. ಅದಕ್ಕೂ ಮುಂಚಿನ ತಿಂಗಳುಗಳು ಯಾವುವು? ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಗೋವಾದಲ್ಲಿ ಜಡಿಮಳೆ ಹಿಡಿಯುವ ತಿಂಗಳುಗಳು.

ಇದು ಕಾಕತಾಳೀಯವಲ್ಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಅನ್ನು ಅಲ್ಲಿನ ಬೇಸಿಗೆಯಲ್ಲೇ ದಾಟಬೇಕು, ಅಂದರೆ ನಮ್ಮ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ. ಅಷ್ಟರಲ್ಲಿ ಅಲ್ಲಿಗೆ ಮುಟ್ಟಬೇಕಾದರೆ ನಮ್ಮಲ್ಲಿ ಮಳೆ ಇಳಿಯುತ್ತಿದ್ದ ಹಾಗೆ ಹೊರಡಬೇಕು. ದಿಲೀಪ್ ದೊಂಡೆ ಒಬ್ಬರೇ ಜಗತ್ತು ಸುತ್ತಲು ಹೊರಟದ್ದು 2009ರ ಆಗಸ್ಟ್‌ನಲ್ಲಿ. ಆರು ಮಂದಿ ಮಹಿಳಾ ಅಧಿಕಾರಿಗಳು ಇದೇ ತಾರಿಣಿಯಲ್ಲಿ ಮೊದಲ ಸಲ ಹೊರಟದ್ದು 2017ರ ಸೆಪ್ಟೆಂಬರ್ 10ರಂದು. ಹೊರಡುವ ದಿನ ಹೀಗಿದ್ದರೆ ಕೊನೆಯ ತಯಾರಿ, ಕೊನೆಯ ರಿಪೇರಿ ಎಲ್ಲವೂ ಮಳೆಯಲ್ಲೇ ಆಗಬೇಕು ತಾನೆ? ದೊಂಡೆಯವರ ದೋಣಿಯ ಹೆಸರು ‘ಮ್ಹಾದೆಯಿ’. ಖಾನಾಪುರದ ಕಾಡಿನಲ್ಲಿ ಹುಟ್ಟುವ, ನಾವು ಮಹದಾಯಿ ಎನ್ನುವ ನದಿಯ ಹೆಸರೇ ಅದು. ನಾವು ಆ ಹೆಸರನ್ನು ಕೇಳುವುದು ನೀರಿನ ಜಗಳದ ಸುದ್ದಿಯಲ್ಲಿ ಮಾತ್ರ, ಇರಲಿ.

ಸಮುದ್ರವೇ ಇಲ್ಲದ ಕೊಡಗಿನ ಹುಡುಗಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಅಣ್ಣ, ದೊಡ್ಡಪ್ಪನ ಮಗ. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು, ಕೆಲಸ ಬಿಟ್ಟು ಮೂವತ್ತು ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡ. ಗೋವಾದ ನದಿಯೊಂದರ ಒಳಭಾಗದಲ್ಲಿ ಲಂಗರು ಹಾಕಿ, ಅದರೊಳಗೇ ವಾಸ ಮಾಡುತ್ತ, ಅದನ್ನೇ ರಿಪೇರಿ ಮಾಡುತ್ತಿದ್ದಾನೆ. ಎರಡು ಮಳೆಗಾಲ ಕಳೆದವು. “ಮೊದಲು ಹಡಗಿನವರು ಇವನಿಗೆ ಸಂಬಳ ಕೊಡ್ತಿದ್ದರು, ಈಗ ಇವನು ದೋಣಿಗೆ ಸಂಬಳ ಕೊಡ್ತಿದ್ದಾನೆ” ಎನ್ನುವುದು ದೊಡ್ಡಪ್ಪನ ಮಾತು. ದೊಡ್ಡಮ್ಮನ ಚಿಂತೆಯೇ ಬೇರೆ: “ಮನೆ ಎಲ್ಲಿ ಅಂತ ಹೆಣ್ಣಿನ ಕಡೆಯವರು ಕೇಳಿದ್ರೆ ಏನು ಹೇಳೋದು?” ಬಂಧುಗಳ ಮದುವೆಗಳಲ್ಲಿ ಅಣ್ಣ ಈಗ ಒಂದು ತಮಾಷೆಯ ವಿಷಯ.

ಕಳೆದ ಜುಲೈನಲ್ಲಿ ಒಂಬತ್ತು ದಿನ ರಜೆ ಹಾಕಿ ಅಲ್ಲಿ ಇದ್ದು ಬಂದೆ. ಅಂದಿನಿಂದ ನನಗೆ ಅವನ ಕೆಲಸ ತಮಾಷೆ ಅನ್ನಿಸಿಲ್ಲ. ನಮ್ಮ ಜಿಲ್ಲೆಗೆ ತುರ್ತಾಗಿ ಬೇಕಾದ ಒಂದು ಅಭ್ಯಾಸವನ್ನು ಅವನು ಅಲ್ಲಿ ಒಬ್ಬನೇ ಕೂತು ಮಾಡುತ್ತಿದ್ದಾನೆ ಎಂಬುದು ನನ್ನ ಅಭಿಪ್ರಾಯ. ಯಾವುದು ಎಂದು ಹೇಳುವ ಮೊದಲು ದೋಣಿಯ ಒಳಗನ್ನು ಸ್ವಲ್ಪ ತೋರಿಸಬೇಕು.

ಒಳಗೆ ನೆಟ್ಟಗೆ ನಿಲ್ಲಲು ಜಾಗವಿರುವುದು ನಡುವೆ ಮಾತ್ರ. ಎರಡು ಕಡೆ ಎರಡು ಬೆಂಚು, ಅವೇ ಮಂಚ. ಒಂದರ ಮೇಲೆ ಅವನು ಮಲಗುತ್ತಾನೆ, ಇನ್ನೊಂದರ ಮೇಲೆ ಡ್ರಿಲ್ಲು, ಗರಗಸ, ಬೋಲ್ಟುಗಳ ಡಬ್ಬಿ. ಹಾಸಿಗೆಯ ಸ್ಪಂಜಿಗೆ ಒಮ್ಮೆ ಉಪ್ಪುನೀರು ತಾಗಿದರೆ ಮುಗಿಯಿತು. ಉಪ್ಪು ಗಾಳಿಯ ತೇವವನ್ನು ಎಳೆಯುತ್ತಲೇ ಇರುತ್ತದೆ, ಸಿಹಿನೀರಿನಲ್ಲಿ ತೊಳೆಯುವ ತನಕ ಅದು ಒಣಗುವುದೇ ಇಲ್ಲ. ಚರ್ಮದ ಬೆಲ್ಟು, ಪುಸ್ತಕ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಸೋಲಾರ್ ಪ್ಯಾನಲ್ ಇದೆ, ಆದರೆ ಮೋಡ ಕವಿದ ವಾರದಲ್ಲಿ ಅದು ಹೆಸರಿಗೆ ಮಾತ್ರ. ಹಾಗಾಗಿ ಬ್ಯಾಟರಿಯ ಚಾರ್ಜನ್ನು ಅಕ್ಕಿ ಅಳೆದಂತೆ ಅಳೆದು ಖರ್ಚು ಮಾಡಬೇಕು: ಮೊದಲು ತಳದ ನೀರು ಎತ್ತುವ ಪಂಪಿಗೆ, ಆಮೇಲೆ ದೀಪಕ್ಕೆ, ಉಳಿದರೆ ಫೋನಿಗೆ. ಸ್ಟೌವ್ ಮೇಲೆ ಒಂದು ಹಗ್ಗ ಕಟ್ಟಿ ಸಾಕ್ಸು, ಟವೆಲು ನೇತುಹಾಕಿದ್ದ. ಒಲೆಯ ಮೇಲಿನ ಬಿದಿರಿನ ಗಳುವಿನಲ್ಲಿ ಅಜ್ಜಿ ನಮ್ಮ ಸ್ಕೂಲ್ ಯೂನಿಫಾರ್ಮ್ ಒಣಗಿಸುತ್ತಿದ್ದದ್ದು ನೆನಪಾಗದೆ ಇರುತ್ತದೆಯೇ?

ದೋಣಿಯ ತಳದಲ್ಲಿ ನೀರು ಒಳಬರುವ, ಹೊರಹೋಗುವ ಕೊಳವೆಗಳಿಗೆ ತೂತುಗಳಿವೆ. ಪ್ರತಿಯೊಂದಕ್ಕೂ ಒಂದು ವಾಲ್ವು. ಪ್ರತಿ ವಾಲ್ವಿನ ಪಕ್ಕ ದಾರದಲ್ಲಿ ಕಟ್ಟಿದ, ಮೊನೆಯಾದ ಒಂದು ಮರದ ಬೆಣೆ. ವಾಲ್ವು ಮುರಿದರೆ ಆ ಕತ್ತಲಲ್ಲಿ ಬೆಣೆ ಹುಡುಕುತ್ತ ಕೂರುವ ಹಾಗಿಲ್ಲ, ಕೈ ಹಾಕಿದಲ್ಲೇ ಸಿಗಬೇಕು. ನನಗೆ ದೋಣಿಯಲ್ಲಿ ಅತಿ ಇಷ್ಟವಾದ ವಸ್ತು ಅದೇ. ಅತಿ ಅಗ್ಗದ್ದೂ ಅದೇ.

ಹೊರಗಿನ ಕೆಲಸಕ್ಕೆ ಮಳೆ ಬಿಡುವುದಿಲ್ಲ. ಫೈಬರ್‌ಗೆ ತೇಪೆ ಹಾಕುವ ಎಪಾಕ್ಸಿಗೂ ರಾಳಕ್ಕೂ ಒಣಗಿದ ಮೈ ಬೇಕು, ತೇವವಿದ್ದರೆ ಸರಿಯಾಗಿ ಹಿಡಿಯುವುದಿಲ್ಲ, ಮೇಲ್ಮೈ ಜಿಗುಟಾಗಿ ಉಳಿಯುತ್ತದೆ. ಅದಕ್ಕೆ ಡೆಕ್ಕಿನ ಮೇಲೆ ನೀಲಿ ಟಾರ್ಪಾಲು ಎಳೆದು ಗುಡಾರ ಮಾಡಿಕೊಂಡಿದ್ದಾನೆ. (ನೀಲಿ ಟಾರ್ಪಾಲು! ನಮ್ಮ ಸೌದೆಗೂ ಅದೇ, ಕಾಫಿಗೂ ಅದೇ, 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಮೇಲೆ ಎಷ್ಟೋ ಮನೆಗಳಿಗೂ ಅದೇ.) ಅದರಡಿ ಬಲ್ಬು ಉರಿಸಿ ಜಾಗ ಬೆಚ್ಚಗೆ ಮಾಡಿ, ಅಂಗೈಯಗಲದ ತೇಪೆ ಹಾಕಿ, ಮರುದಿನದ ತನಕ ಗಾಳಿಗೆ ಟಾರ್ಪಾಲು ಹಾರದಂತೆ ಕಾಯುವುದು. ನಾನಿದ್ದ ಒಂಬತ್ತು ದಿನಗಳಲ್ಲಿ ಇಂಥ ತೇಪೆಗಳು ಆದದ್ದು ನಾಲ್ಕು.

“ದಡದಲ್ಲಿ ಒಂದು ರೂಮು ಮಾಡ್ಕೊಂಡು, ದೋಣಿಯನ್ನ ಶೆಡ್ಡಿನಲ್ಲಿಟ್ಟು, ಮಳೆ ನಿಂತ ಮೇಲೆ ರಿಪೇರಿ ಮಾಡಬಾರದಾ ಅಣ್ಣ?” ಎಂದು ಕೇಳಿದೆ. ಮನೆಯವರೆಲ್ಲ ಕೇಳುವ ಪ್ರಶ್ನೆಯೂ ಅದೇ. ಅವನು ಬಾಯಲ್ಲಿ ಉತ್ತರ ಕೊಡದೆ ಮಂಚದ ಕಾಲ ಬುಡದ ಒಂದು ಒದ್ದೆ ಮೂಲೆ ತೋರಿಸಿದ.

ಆ ಮೂಲೆಯ ಕಥೆ ಹೀಗೆ. ದೋಣಿ ಕೊಂಡಾಗಲೇ ಅಲ್ಲಿ ತೇವವಿತ್ತು. ಅದರ ನೇರ ಮೇಲೆ ಒಂದು ಕಿಟಕಿ. ಹಿಂದಿನ ಮಾಲೀಕರು ಬಿಸಿಲಿನ ದಿನ ಮೆಕ್ಯಾನಿಕ್ ಕರೆಸಿ ಕಿಟಕಿಯ ಸುತ್ತ ಸೀಲೆಂಟ್ ಹಾಕಿಸಿದ್ದರು. ಒಂದು ಸಲವಲ್ಲ, ಪದರದ ಮೇಲೆ ಪದರ ಕಾಣುತ್ತಿತ್ತು. ಆದರೂ ಮೂಲೆ ಒದ್ದೆ. ಅಣ್ಣ ಅಲ್ಲಿ ಮಲಗಲು ಶುರು ಮಾಡಿದ ಮೇಲೆ ಒಂದು ವಿಷಯ ಗೊತ್ತಾಯಿತು: ಮಳೆ ಎಷ್ಟೇ ಬರಲಿ, ಗಾಳಿ ಇಲ್ಲದಿದ್ದರೆ ಅಲ್ಲಿ ಒಂದು ಹನಿಯೂ ಇಲ್ಲ. ನೈರುತ್ಯದಿಂದ ಗಾಳಿ ಬೀಸಿ ದೋಣಿ ಒಂದು ಕಡೆಗೆ ವಾಲಿದಾಗ ಮಾತ್ರ ನೀರು. ಇದು ಮಧ್ಯರಾತ್ರಿ ಕಾಲು ಒದ್ದೆಯಾದವನಿಗಷ್ಟೇ ತಿಳಿಯುವ ಸಂಗತಿ. ಅವನು ಒಳಗಿನ ಹಲಗೆಗಳನ್ನು ಬಿಚ್ಚಿ, ಒಣ ಮೈಗೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದಿಟ್ಟ. ಮರುರಾತ್ರಿ ಗಾಳಿ ಬಂತು, ನೀರು ಹರಿದಲ್ಲಿ ಗೆರೆ ಅಳಿಸಿತು. ಅಳಿಸಿದ ಗೆರೆಗಳನ್ನು ಹಿಡಿದು ಹಿಂದಕ್ಕೆ ಹೋದರೆ, ನೀರು ಒಳಬರುತ್ತಿದ್ದದ್ದು ಕಿಟಕಿಯಿಂದಲ್ಲ, ಆರು ಅಡಿ ಮುಂದೆ! ಹಾಯಿ ಕಟ್ಟುವ ಕಂಬವನ್ನು ಎಳೆದು ನಿಲ್ಲಿಸುವ ಉಕ್ಕಿನ ತಂತಿಗಳಿರುತ್ತವಲ್ಲ, ಅವನ್ನು ದೋಣಿಗೆ ಬಿಗಿಯುವ ಪಟ್ಟಿ ಡೆಕ್ಕಿನಲ್ಲಿ ಇಳಿಯುವ ಸಂದಿನಿಂದ. ಪಟ್ಟಿ ಬಿಚ್ಚಿ ನೋಡಿದರೆ ಹೊರಗೆ ಹೊಳೆಯುತ್ತಿದ್ದ ಸ್ಟೇನ್‌ಲೆಸ್ ಸ್ಟೀಲು ಡೆಕ್ಕಿನೊಳಗಿನ ಭಾಗದಲ್ಲಿ ತುಕ್ಕು ತಿಂದು ಬಿರುಕು ಬಿಟ್ಟಿತ್ತು. ಅದು ಸಮುದ್ರದ ನಡುವೆ ತುಂಡಾಗಿದ್ದರೆ ಕಂಬವೇ ಮುರಿದು ಬೀಳುತ್ತಿತ್ತು.

ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ. ಬೇಸಿಗೆಯಲ್ಲಿ ಬಂದು ಹೋಗುವವರ ಕಣ್ಣಿಗೆ ಬೀಳುವುದು ಎರಡನೆಯದು ಮಾತ್ರ.

ದೊಡ್ಡ ಯಾನಿಗಳ ಕಥೆಯಲ್ಲೂ ನಮಗೆ ಕಾಣದೆ ಉಳಿಯುವುದು ಇದೇ. ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಜಗತ್ತು ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರಲ್ಲಿ ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದ್ದು ಅವರೊಬ್ಬರೇ, 312 ದಿನಗಳಲ್ಲಿ. ಅವರ ‘ಸುಹೈಲಿ’ 32 ಅಡಿಯ ಸಣ್ಣ ದೋಣಿ, ಬಾಂಬೆಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. ಪ್ರಯಾಣದ ಆರಂಭದಲ್ಲೇ ತಳದ ಹಲಗೆಯ ಸಂದಿನಿಂದ ನೀರು ಬರತೊಡಗಿತು. ಅವರು ಅಟ್ಲಾಂಟಿಕ್ ಸಾಗರದ ನಡುವೆ ನೀರಿಗಿಳಿದು, ಉಸಿರು ಬಿಗಿಹಿಡಿದು, ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಹೊಡೆದರು. ಮಧ್ಯೆ ಶಾರ್ಕ್ ಬಂದು ಅದನ್ನೂ ನಿಭಾಯಿಸಬೇಕಾಯಿತು. ಜನ ಶಾರ್ಕಿನ ಕಥೆಯನ್ನೇ ಹೇಳುತ್ತಾರೆ. ಆದರೆ ಆ ದೋಣಿಯನ್ನು ಬಾಂಬೆಯಿಂದ ಇಂಗ್ಲೆಂಡಿನ ತನಕ ಅವರೇ ನಡೆಸಿಕೊಂಡು ಹೋಗಿದ್ದರು, ಅದರೊಳಗೆ ಬದುಕಿದ್ದರು. ಎಲ್ಲಿ ಕೈ ಹಾಕಬೇಕೆಂದು ಗೊತ್ತಿದ್ದದ್ದು ಅದರಿಂದ. ನಮ್ಮ ಅಭಿಲಾಷ್ ಟಾಮಿ 2022–23ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ 236 ದಿನ ಸಾಗಿ ಎರಡನೆಯವರಾಗಿ ಬಂದರಲ್ಲ, ದಾರಿಯಲ್ಲಿ ಗಾಳಿಯ ಬಲದಿಂದ ತಾನೇ ಚುಕ್ಕಾಣಿ ತಿರುಗಿಸುವ ಸಾಧನ ಮುರಿದಾಗ ಅವರು ಕೊಯ್ದು ಬಳಸಿಕೊಂಡದ್ದು ದೋಣಿಯ ಟಾಯ್ಲೆಟ್ ಬಾಗಿಲನ್ನು. ಯಾವ ಹಲಗೆ ಇಲ್ಲದೆಯೂ ಬದುಕಬಹುದು ಎಂಬುದು ಅದರೊಳಗೆ ಇದ್ದವರಿಗೆ ತಾನೆ ಗೊತ್ತಿರುವುದು?

ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಆಗ ಹೋದರೆ ಬಲೆ ಹೆಣೆಯುವವರು, ಎಂಜಿನ್ ಬಿಚ್ಚಿಟ್ಟವರು, ಬಣ್ಣ ಬಳಿಯುವವರು ಕಾಣಸಿಗುತ್ತಾರೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ಹಳೆ ಬಂದರಿನಲ್ಲೇ ನಿಲ್ಲುತ್ತವೆ. ಮಳೆಗಾಲ ಎಂದರೆ ಅವರಿಗೆ ರಜೆಯಲ್ಲ, ರಿಪೇರಿಯ ಕಾಲ.

ಇದರಲ್ಲಿ ರೊಮ್ಯಾಂಟಿಕ್ ಆದದ್ದು ಏನೂ ಇಲ್ಲ ಎಂದೂ ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಕಾಣುವ ‘ಬೋಟ್ ಲೈಫ್’ ಬೇರೆ. ಎಪಾಕ್ಸಿ ಕಲಸಿದ ರಾತ್ರಿ ಒಳಗೆ ಮಲಗುವಂತಿಲ್ಲ, ತಲೆ ಸಿಡಿಯುತ್ತದೆ. ಫೈಬರ್ ಉಜ್ಜಿದ ಧೂಳು ಅನ್ನದ ತಟ್ಟೆಗೂ ಬರುತ್ತದೆ, ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಲೇಬಾರದು. ಒಂದು ಕೆಲಸ ಮಾಡಲು ಇನ್ನೊಂದರ ಸಾಮಾನು ಎತ್ತಿಡಬೇಕು, ಹಾಗಾಗಿ ಅರ್ಧ ದಿನ ಎತ್ತಿಡುವುದರಲ್ಲೇ ಹೋಗುತ್ತದೆ. ಅಣ್ಣನಿಗೆ ಸಂಸಾರ ಇಲ್ಲ, ಹಡಗಿನ ದಿನಗಳ ಉಳಿತಾಯ ಇದೆ. ಎಲ್ಲರಿಗೂ ಈ ಅನುಕೂಲ ಇರುವುದಿಲ್ಲ. ಎಲ್ಲರೂ ದೋಣಿ ಕೊಳ್ಳಿ ಎಂದು ನಾನು ಹೇಳುತ್ತಲೂ ಇಲ್ಲ.

ನಾನು ಹೇಳಹೊರಟದ್ದು ನಮ್ಮ ಐನ್‌ಮನೆಯ ವಿಷಯ.

ಕೊಡಗಿನಲ್ಲಿ ಬೀಗ ಹಾಕಿದ ಐನ್‌ಮನೆಗಳು ಎಷ್ಟಿವೆ ಎಂದು ನಿಮ್ಮ ಊರಿನಲ್ಲೇ ಎಣಿಸಿ ನೋಡಿ. ಕುಟುಂಬದವರೆಲ್ಲ ಬೆಂಗಳೂರು, ಮೈಸೂರು, ದುಬೈ. ಕೈಲುಮುಹೂರ್ತಕ್ಕೋ ಹುತ್ತರಿಗೋ ಬಾಗಿಲು ತೆರೆಯುತ್ತದೆ, ದೀಪ ಹಚ್ಚುತ್ತಾರೆ, ಊಟ ಆಗುತ್ತದೆ, ಮತ್ತೆ ಬೀಗ. ನಮ್ಮ ಕುಟುಂಬದವರು ಕೆಲವು ವರ್ಷಗಳ ಹಿಂದೆ ಹಣ ಒಟ್ಟು ಮಾಡಿ ಚೆನ್ನಾಗಿಯೇ ರಿಪೇರಿ ಮಾಡಿಸಿದರು. ಕೆಲಸ ನಡೆದದ್ದು ಮಾರ್ಚ್‌ನಲ್ಲಿ. ಹೆಂಚು ಬದಲಾಯಿತು, ಕಂಬಗಳಿಗೆ ಪಾಲಿಶ್ ಬಂತು, ಗ್ರೂಪ್ ಫೋಟೊ ತೆಗೆಸಿದೆವು. ಎರಡು ಮಳೆಗಾಲ ಕಳೆದು ನೋಡಿದರೆ ನಡುಮನೆಯ ಒಂದು ತೊಲೆಯ ತುದಿ ಗೋಡೆಯೊಳಗೆ ಲಡ್ಡಾಗಿತ್ತು. ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಕಂಟ್ರಾಕ್ಟರ್ ಮೋಸ ಮಾಡಿದ ಎಂದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ವಾರ ಗಲಾಟೆ. ನನಗನ್ನಿಸುವುದು, ಆತ ಮೋಸ ಮಾಡಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಕಾಣುವುದನ್ನು ಆತ ಸರಿ ಮಾಡಿದ. ಕಕ್ಕಡದಲ್ಲಿ ಕಾಣುವುದನ್ನು ನೋಡಲು ಮನೆಯೊಳಗೆ ಯಾರೂ ಇರಲಿಲ್ಲ.

ಅಜ್ಜನ ಕಾಲದಲ್ಲಿ ಆ ಮನೆ ಸೋರುತ್ತಿರಲಿಲ್ಲವೇ? ಧಾರಾಳವಾಗಿ ಸೋರುತ್ತಿತ್ತು. ಆದರೆ ರಾತ್ರಿ ಹನಿ ಬಿದ್ದಲ್ಲಿ ಅಜ್ಜಿ ಪಾತ್ರೆ ಇಡುತ್ತಿದ್ದರು, ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಅಜ್ಜ ಅಟ್ಟ ಹತ್ತಿ, ಯಾವ ಹೆಂಚು ಸರಿದಿದೆ ಎಂದು ಬೆಳಕಿನ ಕಿಂಡಿ ನೋಡಿ, ಒಳಗಿನಿಂದಲೇ ಕೋಲಿನಲ್ಲಿ ನೂಕಿ ಕೂರಿಸುತ್ತಿದ್ದರು. ಒಡೆದಿದ್ದರೆ ಒಂದು ಹೆಂಚು ಬದಲು. ಖರ್ಚು ಅಷ್ಟೇ, ಒಂದು ಹೆಂಚು. ಮಂಗಳೂರು ಹೆಂಚಿನ ಗುಣವೇ ಅದು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಹಬ್ಬಿಸಿದ ಈ ಹೆಂಚನ್ನು ಒಂದೊಂದಾಗಿ ತೆಗೆದು ಹಾಕಬಹುದು, ಇಡೀ ಮಾಡನ್ನು ಬಿಚ್ಚಬೇಕಿಲ್ಲ. ಜೊತೆಗೆ ಒಲೆ ಉರಿಯುತ್ತಿತ್ತು. ಆ ಹೊಗೆ ಮತ್ತು ಶಾಖ ತೊಲೆ–ರೀಪುಗಳ ತೇವ ಎಳೆದು ಹುಳ ಹತ್ತದಂತೆ ಕಾಯುತ್ತಿದ್ದವು. ಒಲೆ ಆರಿದ ಮನೆಗೆ ಎಷ್ಟು ಪಾಲಿಶ್ ಹಾಕಿದರೇನು?

ಈಗ ಕುಟುಂಬದ ಮುಂದಿರುವ ಯೋಜನೆ ಹೀಗಿದೆ: ಹೆಂಚಿನ ಮೇಲೆ ಪೂರ್ತಿ ಶೀಟ್ ಹೊದಿಸುವುದು, ನೆಲಕ್ಕೆ ಗ್ರಾನೈಟ್ ಹಾಕಿಸುವುದು. ಅದೂ ಮಾರ್ಚ್‌ನಲ್ಲೇ. ನನ್ನ ವಿರೋಧ ಇರುವುದು ಇದಕ್ಕೆ. ಶೀಟ್ ಹೊದಿಸಿದರೆ ಮೇಲಿನ ಮಳೆ ನಿಲ್ಲಬಹುದು, ಆದರೆ ಗೋಡೆಗೆ ಹೊಡೆಯುವ ಎರಚಲು, ನೆಲದಿಂದ ಏರುವ ತೇವ, ಒಳಗೆ ಕಟ್ಟಿಕೊಳ್ಳುವ ಬೂಷ್ಟು ನಿಲ್ಲುವುದಿಲ್ಲ. ಬೀಗ ಹಾಕಿದ ಕಿಟಕಿಯೊಳಗೆ ಗಾಳಿಯಾದರೂ ಎಲ್ಲಿಂದ ಬರಬೇಕು? ಆ ಹಣದಲ್ಲಿ ಒಂದು ಪಾಲನ್ನು ಗ್ರಾನೈಟಿಗಲ್ಲ, ಮಳೆಗಾಲದಲ್ಲಿ ಜನ ಇರುವುದಕ್ಕೆ ಖರ್ಚು ಮಾಡೋಣ ಎಂಬುದು ನನ್ನ ವಾದ. ಮಲಗುವ ಒಂದು ಕೋಣೆ, ಒಲೆ, ಒಂದು ಟಾಯ್ಲೆಟ್, ಕರೆಂಟು ಹೋದರೆ ನಾಲ್ಕು ದಿನ ದೀಪ ಮತ್ತು ಲ್ಯಾಪ್‌ಟಾಪ್ ನಡೆಸುವ ಬ್ಯಾಟರಿ. ನಮ್ಮ ಕುಟುಂಬದಲ್ಲೇ ಮನೆಯಿಂದ ಕೆಲಸ ಮಾಡುವ ಹುಡುಗ ಹುಡುಗಿಯರು ಹತ್ತಾರು ಮಂದಿ ಇದ್ದೇವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಬ್ಬಿಬ್ಬರಂತೆ ಹದಿನೈದು ದಿನ ಇದ್ದರೆ ಹದಿನಾರು ಜನ ಸಾಕು.

“ನೆಟ್‌ವರ್ಕ್ ಇಲ್ಲ” ಎನ್ನುತ್ತಾರೆ. ನಿಜ, ಗುಡ್ಡದ ಕಡೆ ಮೊದಲ ಗಾಳಿಗೇ ಮರ ಬಿದ್ದು ಲೈನು ಹೋಗುತ್ತದೆ. ಹಾಗಾದರೆ ಆ ಹದಿನೈದು ದಿನದಲ್ಲಿ ನಾಲ್ಕು ದಿನ ರಜೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು. “ಗುಡ್ಡ ಜಾರಿದರೆ?” ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು, 2018ರ ನಂತರ ಅದನ್ನು ಯಾರೂ ನಕ್ಕು ತಳ್ಳುವಂತಿಲ್ಲ. ಇಳಿಜಾರಿನ ಅಪಾಯದ ಜಾಗದಲ್ಲಿರುವ ಮನೆಗೆ ನನ್ನ ಮಾತು ಅನ್ವಯಿಸುವುದಿಲ್ಲ, ಜಿಲ್ಲಾಡಳಿತ ಖಾಲಿ ಮಾಡಿ ಎಂದರೆ ಖಾಲಿ ಮಾಡಲೇಬೇಕು. ನಮ್ಮದು ಗದ್ದೆ ಬದಿಯ ತಗ್ಗು ದಿಣ್ಣೆಯ ಮನೆ.

ಇನ್ನೊಂದು ಆಕ್ಷೇಪ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಹೆಂಚು ಸರಿಸುವುದು, ಗೋಡೆಗೆ ಗಾರೆ ಮೆತ್ತುವುದು ನಮ್ಮಂಥ ಡಿಗ್ರಿ ಆದವರ ಕೆಲಸವಲ್ಲ, ಆಳಿನ ಕೆಲಸ ಎಂಬ ಭಾವನೆ. ಆದರೆ ಆ ಕೆಲಸ ಗೊತ್ತಿದ್ದವರಿಗೂ ಈಗ ವಯಸ್ಸಾಗಿದೆ. ಹಳೆಯ ಮಾಡು ಬಿಚ್ಚಿ ಕಟ್ಟಬಲ್ಲ ಬಡಗಿ ನಮ್ಮ ಸುತ್ತಮುತ್ತ ಒಬ್ಬರೇ ಉಳಿದಿದ್ದಾರೆ, ಅವರ ಮಗ ಮೈಸೂರಿನಲ್ಲಿ ಡೆಲಿವರಿ ಕೆಲಸಕ್ಕಿದ್ದಾನೆ. ಹಾಯಿಹಡಗಿನ ಕಾಲದಲ್ಲಿ ಹಾಯಿಕಂಬಕ್ಕೆ ಬೇಕಾದ ನೀಳ ಮರಗಳನ್ನು ಬ್ರಿಟಿಷರು ನಮ್ಮ ಘಟ್ಟದ ಕಾಡುಗಳಲ್ಲೇ ಹುಡುಕುತ್ತಿದ್ದರು, ಪೂನ್‌ಸ್ಪಾರ್ ಎಂದು ಅದಕ್ಕೆ ಹೆಸರಿಟ್ಟಿದ್ದರು. ಅಂಥ ಮರಗಳ ನಾಡಿನಲ್ಲಿ ಹುಟ್ಟಿದ ನಾನು ಕೊಳೆತ ತೊಲೆಯನ್ನು ತಟ್ಟಿ ಸದ್ದಿನಿಂದ ಗುರುತಿಸಲು ಕಲಿತದ್ದು ಗೋವಾದ ಫೈಬರ್ ದೋಣಿಯಲ್ಲಿ. ಒಳಗೆ ಗಟ್ಟಿಯಿದ್ದರೆ ಸುತ್ತಿಗೆಯ ಸದ್ದು ಟಣ್ ಎನ್ನುತ್ತದೆ, ತೇವ ಹಿಡಿದಿದ್ದರೆ ದಪ್ಪ್ ಎನ್ನುತ್ತದೆ. ಐನ್‌ಮನೆಯ ಉಳಿದ ತೊಲೆಗಳನ್ನೆಲ್ಲ ಹಾಗೆ ತಟ್ಟಿ ನೋಡಿದೆ. ಇನ್ನೂ ಎರಡು ದಪ್ಪ್ ಎನ್ನುತ್ತಿವೆ. ಅವುಗಳ ಫೋಟೊ ಗುಂಪಿಗೆ ಹಾಕಿದೆ, ದೊಡ್ಡಪ್ಪ ಮಾತ್ರ “ಮಳೆ ಎಲ್ಲಿಂದ ಬರ್ತಿದೆ ನೋಡ್ದೆಯಾ?” ಎಂದು ಕೇಳಿದರು. ಮಳೆ ಇಲ್ಲದ ದಿನ ಹೇಗೆ ನೋಡಲಿ?

ಮುಂದಿನ ಮಳೆಗಾಲದ ಪಟ್ಟಿಯಲ್ಲಿ ಜುಲೈ ಎರಡನೇ ಹದಿನೈದಕ್ಕೆ ನನ್ನ ಹೆಸರು ಬರೆದಿದ್ದೇನೆ. ಈ ತನಕ ಸಿಕ್ಕಿರುವುದು ಐದು ಹೆಸರು, ಇನ್ನು ಹನ್ನೊಂದು ಬೇಕು. ಅಣ್ಣನನ್ನೂ ಕೇಳಿದೆ. “ಮಳೆಗಾಲದಲ್ಲಿ ದೋಣಿ ಬಿಟ್ಟು ಬರೋಕಾಗಲ್ಲ ಮಾರಾಯ್ತಿ” ಎಂದ. ಬದಲಿಗೆ ಒಂದು ಡಬ್ಬಿ ಸೀಮೆಸುಣ್ಣ ಕೊಂಡಿಟ್ಟುಕೊಳ್ಳಲು ಹೇಳಿದ್ದಾನೆ, ಬಿಳಿಯದ್ದಲ್ಲ, ಬಣ್ಣದ್ದು. ನಮ್ಮ ಗೋಡೆಗಳು ಸುಣ್ಣದವಲ್ಲ.